ರಟ್ಟಿನ ಬ್ಲೇಡು

ನಾನು ಮಾಡುವ ಕೆಲಸ ಏನು ಎಂದು ನಮ್ಮಮ್ಮ ಸುಂದರಮ್ಮ ಯಾರಿಗೂ ಸರಿಯಾಗಿ ಹೇಳುವುದಿಲ್ಲ. ಇಂಜಿನಿಯರಿಂಗ್ ಓದಿದ ಮಗಳು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ಶೆಡ್ಡಿನಲ್ಲಿ ಕೂತು ರಟ್ಟು ಕತ್ತರಿಸಿ ಅಂಟು ಹಚ್ಚುತ್ತಾಳೆ ಅಂತ ದೇವಸ್ಥಾನದ ಬೀದಿಯಲ್ಲಿ ಹೇಳಿಕೊಳ್ಳುವುದಾದರೂ ಹೇಗೆ? "ಏನೋ ಡಿಸೈನು" ಅಂದು ಮಾತು ತಿರುಗಿಸಿಬಿಡುತ್ತಾಳೆ. "ಗೌರಿ ಹಬ್ಬದ ಮಂಟಪ ಮಾಡೋದಕ್ಕೆ ಸಂಬಳ ಬೇರೆ ಕೊಡ್ತಾರಲ್ಲೇ ಸುಚೇತಾ, ಪುಣ್ಯವಂತರು" ಅಂತ ನನ್ನನ್ನು ಕೆಣಕುವುದೂ ಉಂಟು.

ಅವಳು ಹೇಳುವುದರಲ್ಲಿ ಸುಳ್ಳೇನಿಲ್ಲ. ಯಾವ ಯಂತ್ರವಾದರೂ ನಮ್ಮಲ್ಲಿ ಮೊದಲು ರಟ್ಟು, ಥರ್ಮೊಕೋಲು, ಪ್ಲೈವುಡ್ಡುಗಳಲ್ಲಿ ಹುಟ್ಟುತ್ತದೆ. ಅಳತೆಯೆಲ್ಲ ನಿಜವಾದದ್ದು, ಆದರೆ ಒಳಗೆ ಮೋಟಾರಿಲ್ಲ, ವೈರಿಲ್ಲ, ಏನೂ ಇಲ್ಲ. ಆ ಸುಳ್ಳು ಯಂತ್ರವನ್ನು ಅದನ್ನು ಬಳಸಬೇಕಾದವರ ಮನೆಯಲ್ಲಿ ಕೆಲವು ದಿನ ಬಿಟ್ಟು ಬರುತ್ತೇವೆ. ಕಂಪ್ಯೂಟರಿನಲ್ಲಿ ಎಷ್ಟು ತಿರುಗಿಸಿ ನೋಡಿದರೂ ಕಾಣದ ತಪ್ಪು ಅಲ್ಲಿ ಒಂದು ಬೆಳಗ್ಗೆಗೇ ಕಾಣುತ್ತದೆ. ರಟ್ಟಿನಲ್ಲಿ ತಪ್ಪಾದರೆ ಕತ್ತರಿ ಸಾಕು. ಕಬ್ಬಿಣಕ್ಕೆ ಹೋದ ಮೇಲೆ ತಪ್ಪು ಗೊತ್ತಾದರೆ ಅದನ್ನು ಅನುಭವಿಸುವವರು ಬೇರೆ ಯಾರೋ ಆಗಿರುತ್ತಾರೆ.

ಹೋದ ವರ್ಷ ಒಂದು ಕಂಪನಿಯವರು ಮೇವು ಕತ್ತರಿಸುವ ಮಿಷಿನ್ನಿನ ಕೆಲಸ ತಂದರು. ಎರಡು ಮೂರು ಹಸು ಕಟ್ಟಿಕೊಂಡ ಮನೆಯಲ್ಲಿ ಹೆಂಗಸರು ಒಬ್ಬರೇ ನಡೆಸುವಂಥ ಚಿಕ್ಕ ಮಿಷಿನ್ನು. ಮೇವು ಸರಸರ ಒಳಗೆ ಹೋಗಬೇಕು, ಕೈ ಮಾತ್ರ ಹೋಗಕೂಡದು. ಹಾವು ಸಾಯಬೇಕು, ಕೋಲು ಮುರಿಯಬಾರದು. ಮೇವು ತುಂಬುವ ಅಗಲವಾದ ಬಾಯಿ, ಅದರ ಹಿಂದೆ ಕಿರಿದಾಗುತ್ತ ಹೋಗುವ ಗಂಟಲು, ಗಂಟಲು ಮುಗಿದ ಕಡೆ ಬ್ಲೇಡು. ದೊಡ್ಡವರ ಕೈ ತೂರಿದರೆ ಹೆಬ್ಬೆರಳ ಬುಡಕ್ಕೆ ಬಂದು ಸಿಕ್ಕಿಕೊಳ್ಳುವ ಹಾಗೆ ನಾನು ಆ ಗಂಟಲು ಮಾಡಿದ್ದೆ. ಬೆರಳ ತುದಿ ಬ್ಲೇಡಿಗೆ ಮುಟ್ಟುವುದಿಲ್ಲ. ಶೆಡ್ಡಿನಲ್ಲಿದ್ದವರೆಲ್ಲ ಒಬ್ಬೊಬ್ಬರಾಗಿ ಕೈ ತೂರಿಸಿ ನೋಡಿದ್ದೂ ಆಯಿತು. ನಮ್ಮ ಮಾಲೀಕ ಹರಿಪ್ರಸಾದ್ ಸರ್ ಅಂತೂ ಬಹಳ ಸಂತೋಷಪಟ್ಟರು.

ಮುಟ್ಟಿತೋ ಇಲ್ಲವೋ ಕಂಡುಹಿಡಿಯಲು ನಮ್ಮಲ್ಲಿ ಒಂದು ಉಪಾಯವಿದೆ. ದೇವಸ್ಥಾನದ ಮುಂದಿನ ಅಂಗಡಿಯಿಂದ ಕುಂಕುಮ ತಂದು ಹರಳೆಣ್ಣೆಯಲ್ಲಿ ಕಲಸಿ ರಟ್ಟಿನ ಬ್ಲೇಡಿಗೆ ಬಳಿಯುತ್ತೇವೆ. ಎಣ್ಣೆ ಬೇಗ ಒಣಗುವುದಿಲ್ಲ. ಗಂಟಲಿನ ಒಳಗೋಡೆಗೆ ಬಿಳಿ ಬಣ್ಣ ಹೊಡೆದಿರುತ್ತೇವೆ. ಯಾರದಾದರೂ ಬೆರಳು ಬ್ಲೇಡು ಮುಟ್ಟಿ ಹಿಂದೆ ಬಂದರೆ ಬಿಳಿಯ ಮೇಲೆ ಕೆಂಪು ಗೀರು ಎಳೆದೇ ಬರಬೇಕು. ಆ ಕೆಂಪು ಕಂಡರೆ ಒಂದು ಕೈ ಹೋಯಿತು ಅಂತಲೇ ಲೆಕ್ಕ.

ಹಸು ಇರಬೇಕು, ಆದರೆ ಮೇವಿನ ಮಿಷಿನ್ನು ಇರಬಾರದು, ಅಂಥ ಮನೆ ಬೇಕು ಅಂತ ಕೇಳಿದ್ದೆವು. ಮಿಷಿನ್ನು ಅಭ್ಯಾಸವಾದವರು ಹೊಸದನ್ನು ಹಳೆಯದರಂತೆಯೇ ಹಿಡಿಯುತ್ತಾರೆ. ತಿ. ನರಸೀಪುರ ತಾಲ್ಲೂಕಿನ ಹೆಮ್ಮಿಗೆಯಲ್ಲಿ ಒಂದು ಮನೆ ಸಿಕ್ಕಿತು. ನಮ್ಮ ಬಡಗಿ ಮಾದು ರಟ್ಟಿನ ಮಿಷಿನ್ನನ್ನು ಗೂಡ್ಸ್ ಆಟೋದಲ್ಲಿ ಹಗ್ಗ ಹಾಕಿ ಕಟ್ಟಿದ. ನಾನು ಪಕ್ಕದಲ್ಲಿ ಕೂತೆ. ದಾರಿಯುದ್ದಕ್ಕೂ, ನರಸೀಪುರದ ಸೇತುವೆ ಮೇಲೂ, ಜನ ನಮ್ಮನ್ನು ನಾಟಕದ ಕಂಪನಿಯವರನ್ನು ನೋಡುವ ಹಾಗೆ ನೋಡುತ್ತಿದ್ದರು.

ಮನೆ ನೋಡಿ ಆಶ್ಚರ್ಯವಾಯಿತು. ನಾಲ್ಕು ಸೀಮೆಹಸು, ಒಂದು ಪುಟ್ಟ ಕರು, ಸಿಮೆಂಟು ಹಾಕಿದ ಕೊಟ್ಟಿಗೆ, ಹಾಲು ಕರೆಯುವ ಯಂತ್ರ ಸಹ ಇತ್ತು. ಇಷ್ಟೆಲ್ಲ ಇರುವವರು ಮೇವನ್ನು ಇನ್ನೂ ಕುಡುಗೋಲಿನಲ್ಲಿ ಕೊಚ್ಚುತ್ತಾರೆ ಅಂದರೆ ಏನರ್ಥ ಎಂದು ನಾನು ಅಂದೇ ಕೇಳಬೇಕಿತ್ತು. ಜುಗ್ಗರಿರಬೇಕು ಅಂದುಕೊಂಡು ಸುಮ್ಮನಾದೆ.

ಮನೆಯಲ್ಲಿದ್ದವರು ಶಿವನಂಜಮ್ಮ ಒಬ್ಬರೇ. ಹಣೆಯಲ್ಲಿ ವಿಭೂತಿ, ಬರಿಗೈ. ಮಗ ಮರಿಸ್ವಾಮಿ ನರಸೀಪುರಕ್ಕೆ ಹಿಂಡಿ ತರಲು ಹೋಗಿದ್ದ. ಆಕೆ ಆಟೋದಿಂದ ಇಳಿಸಿದ್ದನ್ನು ಕಂಡ ಕೂಡಲೇ ಎರಡು ಹೆಜ್ಜೆ ಹಿಂದೆ ಸರಿದರು. ಸೆರಗನ್ನು ಬಾಯಿಗೆ ಒತ್ತಿ ಹಿಡಿದುಕೊಂಡಿದ್ದರು.

"ಇದ್ರಾಗೆ ಬ್ಲೇಡು ಎಲ್ಲಿದ್ದದವ್ವ?"

"ಬ್ಲೇಡಿಲ್ಲ ಅಮ್ಮ. ಅದೂ ರಟ್ಟಿಂದೇ."

"ಕರೆಂಟು?"

"ಇಲ್ಲ. ವೈರೇ ಇಲ್ಲ ನೋಡಿ."

ಆಕೆ ಸುತ್ತ ಒಂದು ಬಳಸು ಬಂದು, ಬಗ್ಗಿ ಬಾಯಿಯೊಳಗೆ ನೋಡಿ, ಕೊನೆಗೆ ಒಂದು ಬೆರಳಿನಿಂದ ಅದರ ಅಂಚನ್ನು ಮುಟ್ಟಿದರು. ಅವರ ಮುಖ ಸಡಿಲವಾಯಿತು. "ಅಂಗಾರೆ ಇರ್ಲಿ ಬುಡು. ಇದು ಏನೂ ಮಾಡಾಕಿಲ್ಲ" ಅಂದರು.

ಮನೆಗೆ ಬಂದ ಮಿಷಿನ್ನಿಗೆ ಪೂಜೆಯಾಗದೆ ಕೈ ಹಚ್ಚುವಂತಿಲ್ಲ ಅಂತ ಬೇರೆ. ನನಗೆ ದಿಗಿಲಾಯಿತು. ಇವರು ಕುಂಕುಮ ಮೆತ್ತಿಬಿಟ್ಟರೆ ನಮ್ಮ ಕುಂಕುಮ ಯಾವುದು, ಅವರ ಕುಂಕುಮ ಯಾವುದು? ಆದರೆ ಶಿವನಂಜಮ್ಮ ವಿಭೂತಿ ಎಳೆದು, ಒಂದು ಕಣಗಿಲೆ ಹೂವಿಟ್ಟು ಕೈ ಮುಗಿದರು. "ಕುಂಕ್ಮ ನಾನು ಮುಟ್ಟಾಕಿಲ್ಲ ಕಣವ್ವ. ಸೊಸೆ ಇದ್ದಿದ್ರೆ ಇಕ್ಕೋಳು. ಅವಳು ತವರಿಗೆ ಓಗವ್ಳೆ" ಅಂದರು. ನಾನು ನಿಟ್ಟುಸಿರು ಬಿಟ್ಟೆ.

ದಿನಾ ಮೇವು ಕೊಚ್ಚುವ ಮುಂಚೆ ಒಂದೊಂದು ಹಿಡಿಯನ್ನು ಇದರ ಬಾಯಿಗೆ ಕೊಟ್ಟು, ಪಕ್ಕದ ಹಿಡಿಕೆಯನ್ನು ತಿರುವಿ, ಹಿಂದಿನಿಂದ ತೆಗೆದುಕೊಳ್ಳಬೇಕು ಅಂತ ಹೇಳಿಕೊಟ್ಟೆ. "ಮೇವು ಮಾತ್ರ ತಿನ್ನಿಸಿ ಅಮ್ಮೋ, ಆಲು ಕರೆಯಾಕೆ ಓಗಬ್ಯಾಡಿ" ಎಂದ ಮಾದು. ಆಕೆ ನಕ್ಕರು.

ಕೆಲವು ದಿನ ಬಿಟ್ಟು ನೋಡಲು ಹೋದೆ. ಮರಿಸ್ವಾಮಿ ಅಂದು ಮನೆಯಲ್ಲೇ ಇದ್ದ. ಮೂವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಆಳು. ನಾನು ನಮಸ್ಕಾರ ಅಂದರೆ ಉತ್ತರ ಕೊಡಲಿಲ್ಲ. ಕೊಟ್ಟಿಗೆಯ ಬಾಗಿಲಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದವನು ಒಳಗೆ ಇಣುಕಿ ಸಹ ನೋಡಲಿಲ್ಲ.

ಟಾರ್ಚು ಬಿಟ್ಟು ಮಿಷಿನ್ನಿನ ಗಂಟಲಿಗೆ ಕಣ್ಣು ಹಾಯಿಸಿದೆ. ಬ್ಲೇಡಿನಿಂದ ಬಾಯಿಯ ಕಡೆಗೆ ಬಿಳಿಯ ಮೇಲೆ ನಾಲ್ಕು ಕೆಂಪು ಗೀರು. ಅದರ ಪಕ್ಕದಲ್ಲಿ ಇನ್ನಷ್ಟು. ಬಾಯಿಯ ಅಂಚಿನಲ್ಲಿ ಒಂದು ಅಂಗೈ ಪೂರ್ತಿ ಒತ್ತಿಕೊಂಡಿತ್ತು. ನನ್ನ ಅಂಗೈಯ ಅರ್ಧವೂ ಇಲ್ಲ. ಗಂಟಲಿನ ಕೊನೆಯಲ್ಲಿ, ಬ್ಲೇಡಿಗೆ ತಾಗಿ, ಒಂದು ಹಿಡಿ ಗರಿಕೆ ಬಿದ್ದಿತ್ತು. ಶಿವನಂಜಮ್ಮ ಕೊಡುತ್ತಿದ್ದದ್ದು ಜೋಳದ ಸೆಪ್ಪೆ. ಗರಿಕೆಯನ್ನು ಯಾರೂ ಮಿಷಿನ್ನಿಗೆ ಹಾಕುವುದಿಲ್ಲ.

ನನಗೆ ಮೊದಲು ಬಂದದ್ದು ಭಯವಲ್ಲ, ನಾಚಿಕೆ. ಮಗುವಿನ ಕೈ! ಶೆಡ್ಡಿನಲ್ಲಿ ಕೈ ತೂರಿಸಿದವರೆಲ್ಲ ಮೀಸೆ ಬಂದವರು, ನಾನೊಬ್ಬಳನ್ನು ಬಿಟ್ಟು. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ, ಹಳ್ಳಿಯ ಕೊಟ್ಟಿಗೆಯಲ್ಲಿ ಮಕ್ಕಳಿರುತ್ತಾರೆ ಅನ್ನುವುದು ನಮಗ್ಯಾರಿಗೂ ಹೊಳೆಯಲಿಲ್ಲ.

"ನಿಮ್ಮ ಮಗು ಎಲ್ಲಿ? ಕೈ ನೋಡಬೇಕಿತ್ತು" ಎಂದೆ.

ಮರಿಸ್ವಾಮಿ ಹಗ್ಗ ಬಿಟ್ಟು ಎದ್ದು ನಿಂತ. "ಈ ಮನೇಲಿ ಮಕ್ಳಿಲ್ಲ."

"ಪಕ್ಕದ ಮನೆಯವರು?"

"ನಮ್ಮ ಕೊಟ್ಟಿಗೆಗೆ ಯಾರ ಮಕ್ಳೂ ಬರಾಕಿಲ್ಲ. ಅವರವ್ವಂದಿರು ಬುಡಾಕಿಲ್ಲ." ಇಷ್ಟು ಹೇಳಿ ತೋಟದ ಕಡೆ ಹೊರಟೇಹೋದ.

ಒರಟ ಅಂತ ಮನಸ್ಸಿನಲ್ಲೇ ಬೈದುಕೊಂಡೆ. ಬಟ್ಟೆಯಿಂದ ಗಂಟಲನ್ನು ಚೆನ್ನಾಗಿ ಒರೆಸಿ, ಬಿಳಿ ಬಿಳಿ ಮಾಡಿ, ಗರಿಕೆ ತೆಗೆದು, ಬ್ಲೇಡಿಗೆ ಹೊಸದಾಗಿ ಬಳಿದೆ. ಶಿವನಂಜಮ್ಮ ಮಜ್ಜಿಗೆ ಕೊಟ್ಟರು. ಜಗುಲಿಯ ಮೇಲೆ ಕೂತು ಕುಡಿದೆ. ಅಲ್ಲಿಂದ ಕೊಟ್ಟಿಗೆಯ ಬಾಗಿಲು ನೆಟ್ಟಗೆ ಕಾಣುತ್ತಿತ್ತು, ಬೇರೆ ಬಾಗಿಲಿಲ್ಲ. ಮಾದು ಆಟೋದಲ್ಲಿ ಮಲಗಿದ್ದ. ಮಟ ಮಟ ಮಧ್ಯಾಹ್ನ. ಯಾರೂ ಒಳಗೆ ಹೋಗಲಿಲ್ಲ, ಯಾರೂ ಹೊರಗೆ ಬರಲಿಲ್ಲ.

ಇದ್ದಕ್ಕಿದ್ದ ಹಾಗೆ ಒಳಗೆ ಹಸುಗಳು ಮೆಲುಕು ಹಾಕುವುದನ್ನು ನಿಲ್ಲಿಸಿದವು. ಆ ಸದ್ದು ಅಷ್ಟು ಹೊತ್ತೂ ಇತ್ತು ಅನ್ನುವುದು ನಿಂತ ಮೇಲೆ ಗೊತ್ತಾಯಿತು. ಶಿವನಂಜಮ್ಮ ನನ್ನ ಕಡೆ ನೋಡಲಿಲ್ಲ. ಕೊಟ್ಟಿಗೆಯ ಕಡೆ ನೋಡುತ್ತ, ಯಾರೋ ಚೆನ್ನಾಗಿ ಆಡುವುದನ್ನು ನೋಡುವ ಹಾಗೆ, ಸಣ್ಣಗೆ ನಗುತ್ತಿದ್ದರು.

ನಾನು ಲೋಟ ಅಲ್ಲೇ ಬಿಟ್ಟು ಓಡಿದೆ. ನಾಲ್ಕು ಹಸುವೂ ಕರುವೂ ರಟ್ಟಿನ ಮಿಷಿನ್ನಿನ ಕಡೆಗೇ ಮುಖ ಮಾಡಿ ನಿಂತಿದ್ದವು. ಗಂಟಲಿನಲ್ಲಿ ಹಸಿ ಕೆಂಪು ಗೀರುಗಳು. ಕೊನೆಯಲ್ಲಿ ಗರಿಕೆ, ಬೇರಿನ ಮಣ್ಣು ಇನ್ನೂ ಒದ್ದೆ.

ನಾನು ಅರ್ಚಕರ ಮನೆಯಲ್ಲಿ ಹುಟ್ಟಿದವಳು. ದೆವ್ವ ಮೆಟ್ಟಿದೆ ಅಂತ ನಂಜುಂಡೇಶ್ವರನ ಬಾಗಿಲಿಗೆ ಬಂದವರನ್ನು ಚಿಕ್ಕಂದಿನಿಂದ ಕಂಡಿದ್ದೇನೆ. ನಮ್ಮ ತಂದೆ ಅವರಿಗೆ ತೀರ್ಥ ಕೊಟ್ಟು "ಹೊಟ್ಟೆ ತುಂಬ ಊಟ ಹಾಕಿ, ನಿದ್ದೆ ಮಾಡಿಸಿ, ಸರಿಹೋಗುತ್ತೆ" ಅನ್ನುತ್ತಿದ್ದರು. ನಾನೂ ಅದನ್ನೇ ನಂಬಿದವಳು. ಅಂದು ಮಾತ್ರ ಫೋನಿನಲ್ಲಿ ಸಿಕ್ಕಷ್ಟು ಫೋಟೋ ತೆಗೆದುಕೊಂಡು, ಮಾದುವನ್ನು ಎಬ್ಬಿಸಿ ಹೊರಟುಬಿಟ್ಟೆ.

ಹರಿಪ್ರಸಾದ್ ಸರ್ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ, ಫೋನು ವಾಪಸು ಕೊಟ್ಟರು.

"ಪೂಜೆ ಮಾಡಿರ್ತಾರೆ ಕಣ್ರೀ. ನಮ್ಮ ಕಡೆ ಯಾವ ಮಿಷಿನ್ನಿಗೆ ಕುಂಕುಮ ಬಳಿಯದೆ ಬಿಡ್ತಾರೆ? ಗರಿಕೆ ಬೇರೆ ಇಟ್ಟಿದ್ದಾರೆ ನೋಡಿ, ಗಣಪತಿಗೆ ಇಡೋ ಹಾಗೆ."

"ಆ ಮನೆಯಲ್ಲಿ ಕುಂಕುಮ ಮುಟ್ಟುವವರಿಲ್ಲ ಸರ್. ಮತ್ತೆ ಗಂಟಲಿನ ಕೊನೆಗೆ ದೊಡ್ಡವರ ಕೈ ಹೋಗೋದೇ ಇಲ್ಲ."

"ಕಡ್ಡಿಯಲ್ಲಿ ತಳ್ಳಿರ್ತಾರೆ. ಆ ಮನೆಯಲ್ಲಿ ಮಕ್ಕಳಿದ್ದಾರಾ?"

"ಇಲ್ಲ."

"ಮತ್ತೆ?"

ಗಂಟಲಿನ ನಡುವೆ ಅಡ್ಡಲಾಗಿ ಒಂದು ಪಟ್ಟಿ ಕೂಡಿಸಿ ಎರಡು ಸೀಳು ಮಾಡಿದರೆ ಮಗುವಿನ ಕೈಯೂ ಹೋಗುವುದಿಲ್ಲ ಅಂದೆ. ಮೇವು ನಿಧಾನವಾಗುತ್ತೆ, ಕಂಪನಿಯವರು ಒಪ್ಪುವುದಿಲ್ಲ ಅಂದರು. "ಸೋಮವಾರ ಅವರು ಬಂದು ನೋಡಿ ಅಚ್ಚಿಗೆ ಕೊಡ್ತಾರೆ. ಅಷ್ಟರಲ್ಲಿ ಆ ಮಾಡೆಲ್ ತರಿಸಿ, ಒರೆಸಿ ಇಡಿ." ಅಚ್ಚು ಬಿದ್ದ ಮೇಲೆ ಅದೇ ಗಂಟಲು ಸಾವಿರ ಕೊಟ್ಟಿಗೆಗೆ ಹೋಗುತ್ತದೆ. ಅದರ ಕೊನೆಯಲ್ಲಿ ರಟ್ಟು ಇರುವುದಿಲ್ಲ. ನನಗೆ ಸಿಟ್ಟು ನೆತ್ತಿಗೇರಿ, ಬಾಗಿಲು ದಢಾರನೆ ಹಾಕಿಕೊಂಡು ಬಂದೆ. ಅದರಿಂದ ಬಾಗಿಲಿನ ಹಿಡಿ ಕಿತ್ತುಬಂತೇ ಹೊರತು ಬೇರೇನೂ ಆಗಲಿಲ್ಲ.

ಮಾರನೆಯ ದಿನ ಮಾಡೆಲ್ ತರಲು ಹೆಮ್ಮಿಗೆಗೆ ಹೋದೆವು. ಮಾದು ಹಗ್ಗ ಬಿಚ್ಚುತ್ತಿದ್ದ ಹಾಗೆ ಶಿವನಂಜಮ್ಮ ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತರು.

"ಇದ್ನ ಕೊಡಾಕಿಲ್ಲ ಕಣವ್ವ. ಇಲ್ಲೇ ಇರ್ಲಿ."

"ಇದು ಉಪಯೋಗಕ್ಕೆ ಬರಲ್ಲ ಅಮ್ಮ. ಬರೀ ರಟ್ಟು."

"ರಟ್ಟಾಗಿರೋದ್ಕೇ ಕೇಳ್ತಾ ಇರೋದು. ಮೊಗ ಆಡ್ಕತದೆ."

ಹಿಂದಿನಿಂದ ಮರಿಸ್ವಾಮಿ ಬಂದ. "ಅವ್ವ, ಸುಮ್ನಿರು" ಅಂದ. ಅವನ ದನಿ ಒಡೆದಿತ್ತು. ಆಕೆ ಸುಮ್ಮನಿರಲಿಲ್ಲ. ಹೊಸಿಲ ಮೇಲೆ ಕುಸಿದು ಕೂತು, ನನ್ನ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದರು.

"ಇವನ ಮಗಳು ರಂಜಿನಿ. ಇನ್ನೂ ಇಸ್ಕೂಲಿಗೆ ಸೇರ್ಸಿರ್ನಿಲ್ಲ. ನಮ್ಮನೇಲೂ ಮೇವಿನ ಮಿಷಿನ್ನಿತ್ತು ಕಣವ್ವ, ಇದೇ ಜಾಗದಲ್ಲಿ. ಆ ಕೂಸ್ಗೆ ಅದು ಒಂದು ಕರು ಇದ್ದಂಗೆ. ಬಾಯಿ ಅದ್ಯಲ್ಲ, ಅದ್ಕೆ. ಗರಿಕೆ ಕಿತ್ಕಬಂದು 'ತಿನ್ನು, ತಿನ್ನು' ಅಂತ ಆಡೋಳು. ನಾನು ಬೈದು ಓಡ್ಸೋಳು. ಅವತ್ತು ಮೇವು ಕೊಚ್ಚುವಾಗ ಕರೆಂಟು ಓಯ್ತು. ಬಂದ್ರೆ ಗೊತ್ತಾಗ್ಲಿ ಅಂತ ಸ್ವಿಚ್ಚು ಆಕಿದ್ದಂಗೇ ಬುಟ್ಟು ಒಳಕ್ಕೋದೆ. ಒಲೆ ಮ್ಯಾಲೆ ಆಲು ಮಡಗಿದ್ದೆ." ಆಕೆ ನನ್ನ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು. "ಕರೆಂಟು ಬಂತು."

ನಮ್ಮ ಕಡೆ ಇದನ್ನು ಮಾಡದ ಮನೆಯಿಲ್ಲ. ಪಂಪ್‌ಸೆಟ್ಟಿನದಾಗಲಿ, ಮಿಕ್ಸಿಯದಾಗಲಿ, ಕರೆಂಟು ಹೋದಾಗ ಸ್ವಿಚ್ಚು ಆರಿಸುವುದಿಲ್ಲ. ತಾನೇ ಹತ್ತಿಕೊಂಡರೆ ಬಂತು ಅಂತ ಗೊತ್ತಾಗುತ್ತದಲ್ಲ ಅಂತ. ನಮ್ಮಮ್ಮನೂ ಹಾಗೇ ಮಾಡುತ್ತಾಳೆ, ನಾನೂ ಮಾಡಿದ್ದೇನೆ.

ಮಗುವನ್ನು ಎತ್ತಿಕೊಂಡು ಕಾರಿನಲ್ಲಿ ಆಸ್ಪತ್ರೆಗೆ ಹೊರಟರಂತೆ. ನರಸೀಪುರದ ಸೇತುವೆ ದಾಟುವಷ್ಟರಲ್ಲಿ ಜೀವ ಹೋಯಿತಂತೆ. ಮರಿಸ್ವಾಮಿ ಅಂದೇ ಮಿಷಿನ್ನನ್ನು ಹಾರೆಯಲ್ಲಿ ಒಡೆದು ಹಾಕಿದ. ಅವನ ಹೆಂಡತಿ ಸುನೀತಾ ಅತ್ತೆಯ ಮುಖ ನೋಡಲಾರದೆ ತವರಿಗೆ ಹೋದಳು.

"ನೀನು ಇದ್ನ ತಂದ ಮಾರ್ನೆ ದಿನ್ದಿಂದ ಬತ್ತಾವ್ಳೆ ಕಣವ್ವ" ಎಂದರು ಶಿವನಂಜಮ್ಮ. ಅವರ ಮುಖದಲ್ಲಿ ಅಂದಿನ ನಗುವೇ ಮತ್ತೆ ಬಂತು. "ಕಣ್ಗೆ ಕಾಣಾಕಿಲ್ಲ. ಬಂದಾಗ ಅಸ ಮೆಲ್ಕಾಕೋದು ನಿಲ್ಲಿಸ್ತವೆ, ಅದ್ರಿಂದ ತಿಳೀತದೆ. ಆ ಕೆಂಪು ಕೈ ನೋಡಿದ್ರೆ ನಂಗೆ ಒಟ್ಟೆ ತುಂಬ್ದಂಗಾಯ್ತದೆ. ಗೋರಂಟಿ ಅಂದ್ರೆ ಪ್ರಾಣ ಅವ್ಳಿಗೆ. ಗೋರಂಟಿ ಇಕ್ಕಂಡು ಬಂದವ್ಳೆ ಅಂದ್ಕತೀನಿ. ಇದ್ರಾಗೆ ಬ್ಲೇಡಿಲ್ಲ, ಕರೆಂಟಿಲ್ಲ. ಆಡ್ಕಳ್ಲಿ ಬುಡು. ನಿಂಗೆ ಇನ್ನೊಂದು ಮಾಡ್ಕಳಾಕೆ ಬರಾಕಿಲ್ವ?"

ಬಿಟ್ಟುಹೋಗೋಣ ಅಂತಲೇ ಅನ್ನಿಸಿತು. ರಟ್ಟಿಗೆ ಏನು ಬರ? ಆದರೆ ಆ ಗೀರುಗಳಿಲ್ಲದೆ ಸೋಮವಾರ ನಾನು ಯಾರಿಗೂ ಏನೂ ತೋರಿಸುವಂತಿರಲಿಲ್ಲ. ಈ ಮುದುಕಿಯ ಮೊಮ್ಮಗಳು ಅವಳಿಗೆ ಉಳಿಯಬೇಕೋ, ಕಂಡರಿಯದ ಯಾರದೋ ಮಕ್ಕಳ ಕೈ ಉಳಿಯಬೇಕೋ ಅನ್ನುವುದು ನನ್ನ ಬಾಯಿಗೆ ಬಂದು ನಿಂತಿತ್ತು. ಆ ಗಳಿಗೆಯಲ್ಲಿ ನನಗೆ ನನ್ನ ಕೆಲಸದ ಮೇಲೆ ಬಂದಷ್ಟು ಬೇಸರ ಎಂದೂ ಬಂದಿಲ್ಲ. ಆದರೂ ಹೇಳಿದೆ.

"ಅದು ಗೋರಂಟಿ ಅಲ್ಲ ಅಮ್ಮ. ಬ್ಲೇಡು ಇರೋ ಜಾಗಕ್ಕೆ ನಾವು ಹಚ್ಚಿದ ಕುಂಕುಮ. ಅಲ್ಲಿ ಮುಟ್ಟಿದರೆ ಮಾತ್ರ ಕೈ ಕೆಂಪಾಗೋದು. ಕೆಂಪಾಯಿತು ಅಂದರೆ, ಮಿಷಿನ್ನು ನಿಜವಾದದ್ದಾಗಿದ್ದರೆ ಆ ಕೈ ಹೋಯಿತು ಅಂತ ಅರ್ಥ. ಇದೇ ಅಳತೆಯಲ್ಲಿ ಮಿಷಿನ್ನು ಮಾಡೋರಿದ್ದಾರೆ."

ಶಿವನಂಜಮ್ಮ ನನ್ನ ಕೈ ಬಿಟ್ಟರು. ರಟ್ಟಿನ ಮಿಷಿನ್ನಿನ ಕಡೆ ತಿರುಗಿದರು. ನಗು ಹಾಗೇ ಇಳಿದುಹೋಯಿತು.

"ಅಂಗಾರೆ ದಿನಾ ಬಂದು ಅಲ್ಲಿಗೇ ಕೈ ಆಕ್ತಾವ್ಳೆ" ಅಂದರು. "ದಿನಾ ಅದೇ ಆಯ್ತಾ ಅದೆ ಅವ್ಳಿಗೆ. ನಾನು ಅದ್ನ ನೋಡ್ಕಂಡು ನಗ್ತಾ ಕುಂತಿವ್ನಿ."

ಮರಿಸ್ವಾಮಿ ಗೋಡೆಯ ಕಡೆ ತಿರುಗಿ ಅತ್ತುಬಿಟ್ಟ. ಮಾದು ತಲೆಯ ಮೇಲಿನ ಟವೆಲ್ಲು ತೆಗೆದು ಕೈಯಲ್ಲಿ ಹಿಡಿದುಕೊಂಡ. ನನಗೂ ತಡೆಯಲಾಗಲಿಲ್ಲ. ಅಳದೆ ಇದ್ದವರು ಶಿವನಂಜಮ್ಮ ಒಬ್ಬರೇ. ಎದ್ದು ಒಳಗೆ ಹೋಗಿ, ಒಂದು ಬಟ್ಟೆಯ ಗಂಟು ತಂದು ನನ್ನ ಮುಂದೆ ಬಿಚ್ಚಿದರು. ಒಳಗೆ ಒಂದು ಹಸಿರು ಗಾಜಿನ ಬಳೆ, ಪುಟ್ಟದು.

"ಎಡಗೈದು. ಈ ಬಳೇಲಿ ಅವ್ಳ ಕೈ ಸಲೀಸಾಗಿ ತೂರ್ತಿತ್ತು. ನಿಮ್ ಮಿಷಿನ್ನಾಗೆ ಇದು ತೂರಕೂಡ್ದು. ತೂರ್ದಂಗೆ ಮಾಡಿ ಆಮ್ಯಾಲೆ ತಂದು ನಂಗೆ ತೋರ್ಸು." ಬಟ್ಟೆಯನ್ನು ಮಡಚುತ್ತ ಕೇಳಿದರು: "ಒಳಕ್ಕೆ ಕೈ ಓಗದಂಗೆ ಮಾಡುದ್ರೆ ಅವಳು ಮತ್ತೆ ಬರಾಕಿಲ್ವೇನೋ, ಅಲ್ವ?"

"ನನಗೆ ಗೊತ್ತಿಲ್ಲ ಅಮ್ಮ" ಎಂದೆ. ಆಕೆ ಬಾಗಿಲಿನಿಂದ ಪಕ್ಕಕ್ಕೆ ಸರಿದರು.

ಸೋಮವಾರ ಕಂಪನಿಯವರು ಬಂದರು. ಹರಿಪ್ರಸಾದ್ ಸರ್ ಬಗೆಬಗೆಯಾಗಿ ವರ್ಣಿಸುತ್ತಿದ್ದ ಹಾಗೆ ನಾನು ಆ ಮಾಡೆಲ್ಲನ್ನು ಒರೆಸದೆಯೇ ತಂದು ಮೇಜಿನ ಮೇಲಿಟ್ಟೆ. ಸರ್ ನನ್ನನ್ನು ನುಂಗುವ ಹಾಗೆ ನೋಡಿದರು. ಕೆಂಪಿನ 'ಕ' ಸಹ ನಾನು ಎತ್ತಲಿಲ್ಲ. ಬಳೆಯನ್ನು ಮಿಷಿನ್ನಿನ ಬಾಯಿಯಲ್ಲಿ ನೆಟ್ಟಗೆ ನಿಲ್ಲಿಸಿ ಬಿಟ್ಟೆ. ಅದು ಗಂಟಲಿನ ಇಳಿಜಾರಿನಲ್ಲಿ ಉರುಳಿಕೊಂಡು ಹೋಗಿ ಕೊನೆಯಲ್ಲಿ ರಟ್ಟಿಗೆ ತಾಗಿ ಟಿಕ್ ಎಂದಿತು. ಎಲ್ಲೂ ತಡೆಯಲಿಲ್ಲ.

"ಇದು ಶಾಲೆಗೆ ಸೇರದ ಮಗುವಿನ ಬಳೆ" ಎಂದೆ. "ಈ ಬಳೆಯಲ್ಲಿ ತೂರುತ್ತಿದ್ದ ಕೈ ಹೀಗೇ ಇನ್ನೊಂದು ಮಿಷಿನ್ನಿನಲ್ಲಿ ತೂರಿತು. ಆ ಮಗು ಈಗಿಲ್ಲ."

ಬಂದಿದ್ದವರಲ್ಲಿ ದೊಡ್ಡವರು ಮಿಷಿನ್ನು ಹಿಂದಕ್ಕೆ ಬಾಗಿಸಿ ಬಳೆಯನ್ನು ತೆಗೆದುಕೊಂಡರು. ಬಳೆಗೆ ಕೆಂಪು ಮೆತ್ತಿತ್ತು. ಅವರ ಬೆರಳಿಗೂ ಮೆತ್ತಿತು. ಕರವಸ್ತ್ರ ಹುಡುಕಿದರು, ಸಿಗಲಿಲ್ಲ. ಮೇವು ನಿಧಾನವಾಗುವ ಮಾತನ್ನು ಆಮೇಲೆ ಯಾರೂ ಎತ್ತಲಿಲ್ಲ. ನಡುವೆ ಪಟ್ಟಿ ಬಂತು. ಕರೆಂಟು ಹೋದ ಕೂಡಲೇ ತಾನಾಗಿ ಆರಿ, ಮತ್ತೆ ಒತ್ತದೆ ಹತ್ತದಂಥ ಸ್ವಿಚ್ಚೂ ಇರಲಿ ಅಂತ ಹರಿಪ್ರಸಾದ್ ಸರ್ ತಾವೇ ಸೇರಿಸಿದರು. ಅವರಿಗೂ ಒಬ್ಬ ಮೊಮ್ಮಗನಿದ್ದಾನೆ.

ಬದಲಾಯಿಸಿದ ಮಾಡೆಲ್ಲು ಮೊದಲು ಹೋದ ಮನೆಗೇ ಮತ್ತೆ ಹೋಗಬೇಕು, ಅದು ನಮ್ಮ ಕ್ರಮ. ನಾನು ಕಳಿಸಲು ಹಿಂದೆಮುಂದೆ ನೋಡಿದೆ. ಮಾದುವೇ "ಆ ಯಮ್ಮ ಕಾಯ್ತಾ ಇರ್ತಾರೆ, ನಡೀರಿ ಮೇಡಮ್ಮೋರೆ" ಅಂದ. ಹೊಸ ಗಂಟಲು, ಹೊಸ ಬಿಳಿ, ಬ್ಲೇಡಿಗೆ ಹೊಸ ಕೆಂಪು. ಶಿವನಂಜಮ್ಮ ಬಳೆಯನ್ನು ತಾವೇ ತೂರಿಸಿ ನೋಡಿದರು. ಅದು ಪಟ್ಟಿಗೆ ತಾಗಿ ನಿಂತಿತು. ಸರಿ ಅನ್ನುವಂತೆ ತಲೆಯಾಡಿಸಿ, ಬಳೆಯನ್ನು ನನ್ನ ಕೈಗೇ ಕೊಟ್ಟು ವಿಭೂತಿ ಇಟ್ಟರು. ನಾವು ಹೊರಟು ಬಂದೆವು.

ಒಂದು ವಾರ ನನಗೆ ಊಟ ರುಚಿಸಲಿಲ್ಲ. ಕೈ ತೂರದೆ ಆ ಮಗು ರಟ್ಟಿನ ಮಿಷಿನ್ನಿನ ಮುಂದೆ ನಿಂತು ಅಳುತ್ತಿರಬಹುದು ಅಂತ ಅನ್ನಿಸುತ್ತಿತ್ತು. ಇಂಥ ಯೋಚನೆ ಮಾಡಿದ್ದು ಗೊತ್ತಾದರೆ ನಮ್ಮಪ್ಪ ಊಟ ಹಾಕಿ ಮಲಗಿಸಿ ಅನ್ನುತ್ತಿದ್ದರೇನೋ.

ಮತ್ತೆ ಹೋದಾಗ ಬೆಳಗಿನ ಹಾಲು ಡೈರಿಗೆ ಹೋಗಿಯಾಗಿತ್ತು. ಶಿವನಂಜಮ್ಮ ಕೊಟ್ಟಿಗೆಯಲ್ಲೇ ಇದ್ದರು, ಮರಿಸ್ವಾಮಿಯೂ ಇದ್ದ. ಟಾರ್ಚು ಬಿಟ್ಟು ಗಂಟಲು ನೋಡಿದೆ. ಅಚ್ಚ ಬಿಳಿ. ಒಂದು ಗೀರಿಲ್ಲ, ಒಂದು ಚುಕ್ಕಿಯಿಲ್ಲ. ಬಾಯಿಯ ಅಂಚಿನಲ್ಲೂ ಇಲ್ಲ. ಗರಿಕೆಯೂ ಇಲ್ಲ. ನಮ್ಮ ಕೆಲಸದಲ್ಲಿ ಇದಕ್ಕಿಂತ ಒಳ್ಳೆಯ ಫಲಿತಾಂಶ ಇಲ್ಲ. ನನಗೆ ಮಾತ್ರ ಏನೋ ಕಳೆದುಕೊಂಡ ಹಾಗಾಯಿತು.

"ಬರಲೇ ಇಲ್ವಾ ಅಮ್ಮ?"

ಆಕೆ ಉತ್ತರ ಕೊಡುವ ಮೊದಲೇ ಹಸುಗಳ ಮೆಲುಕು ನಿಂತಿತು. ನಾಲ್ಕೂ ಒಂದೇ ಕಡೆಗೆ ತಲೆ ತಿರುಗಿಸಿದವು. ಮಿಷಿನ್ನಿನ ಕಡೆಗಲ್ಲ, ಮೂಲೆಯಲ್ಲಿದ್ದ ಕರುವಿನ ಕಡೆಗೆ. ಮರಿಸ್ವಾಮಿ ಗೋಡೆಗೆ ಒರಗಿ ನಿಂತುಬಿಟ್ಟ. ಕರು ಕತ್ತು ಚಾಚಿ, ಕಿವಿ ನಿಮಿರಿಸಿ, ನೆಲದಿಂದಲ್ಲ, ಗಾಳಿಯಲ್ಲಿ, ಪುಟ್ಟ ಮಗುವಿನ ಕೈಯೆತ್ತರದಲ್ಲಿ, ಏನನ್ನೋ ಬಾಯಿಗೆ ತೆಗೆದುಕೊಂಡಿತು. ಜಗಿಯತೊಡಗಿತು. ಅದರ ತುಟಿಯ ಪಕ್ಕದಲ್ಲಿ ಗರಿಕೆಯ ಎಳೆಗಳು ನೇತಾಡುತ್ತಿದ್ದವು, ಬೇರಿನಲ್ಲಿ ಒದ್ದೆ ಮಣ್ಣಿತ್ತು.

"ಕರೂಗೆ ತಿನ್ನುಸ್ತಾವ್ಳೆ" ಎಂದರು ಶಿವನಂಜಮ್ಮ. ಅಂದು ಅಳದಿದ್ದವರ ಕಣ್ಣಿನಿಂದ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ. "ಮೂರು ದಿನ್ದಿಂದ ಇಂಗೇಯ. ಕೈ ತುಂಬ ಗರಿಕೆ ತಂದು ಕರೂಗೆ ತಿನ್ನುಸ್ತಾವ್ಳೆ. ಮಿಷಿನ್ನ ತಾವ ಓಯ್ತಾನೇ ಇಲ್ಲ."

ಕರು ತಿಂದು ಮುಗಿಸಿತು. ಹಸುಗಳು ಮತ್ತೆ ಮೆಲುಕು ಹಾಕಲು ಶುರುಮಾಡಿದವು. ಮರಿಸ್ವಾಮಿ ಬಂದು ಮೊದಲ ಸಲ ಆ ರಟ್ಟಿನ ಮಿಷಿನ್ನಿನ ಮೇಲೆ ಕೈಯಿಟ್ಟ. ಬಳೆಯನ್ನು ವಾಪಸು ಕೊಡಲು ಹೋದರೆ ಶಿವನಂಜಮ್ಮ ನನ್ನ ಬೆರಳುಗಳನ್ನು ಅದರ ಮೇಲೆ ಮಡಚಿದರು. ಇನ್ನೂ ಬೇರೆ ಬೇರೆ ಮಿಷಿನ್ನು ಮಾಡ್ತೀಯಲ್ಲ, ನಿನ್ನತ್ರವೇ ಇರ್ಲಿ ಅಂದರು.

ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡು, ಮಿಷಿನ್ನಿನ ಬಿಳಿ ಗಂಟಲಿನೊಳಗೆ ಬಗ್ಗಿ ಇನ್ನೊಮ್ಮೆ ನೋಡಿದರು.

"ಇನ್ನ ಬ್ಲೇಡು ಆಕವ್ವ" ಎಂದರು.